ತೌಡಿಗೆ ಕೊಂಡ ಮಗಳು

ದಾಂಡೇಲಿಯ ಕಾಗದದ ಮಿಲ್ಲಿನ ಭೋಂಗಾ ಕೂಗುವ ಹೊತ್ತಿಗೆ ರಹೀಮುನ್ನಿಸಾಳ ಒಲೆಯ ಮೇಲೆ ಆಗಲೇ ರೊಟ್ಟಿ ಉಬ್ಬುತ್ತಿತ್ತು. ಗಂಡ ದಾವಲಸಾಬ ಮಿಲ್ಲಿನಲ್ಲಿ ಫಿಟ್ಟರನ ಕೈಕೆಳಗೆ ದುಡಿಯುತ್ತಿದ್ದ. ಇವಳು ಬಾಡಿಗೆ ಮನೆಯ ಪಡಸಾಲೆಯಲ್ಲಿ ಖಾನಾವಳಿ ನಡೆಸುತ್ತಿದ್ದಳು. ಮಿಲ್ಲು ಇನ್ನೂ ಹೊಸದು. ಬಿದಿರಿನ ಲಾರಿಗಳು ಹಗಲೆಲ್ಲ ಕೆಂಪು ಧೂಳೆಬ್ಬಿಸುತ್ತಿದ್ದವು. ಕೊಳೆತ ಕೋಸಿನಂಥ ಮಿಲ್ಲಿನ ವಾಸನೆಗೆ ಬಂದವರೆಲ್ಲ ಮೊದಲು ಮೂಗು ಮುಚ್ಚಿ, ಆಮೇಲೆ ಅದೇ ವಾಸನೆ ಹೊಟ್ಟೆ ತುಂಬಿಸುತ್ತದೆಂದು ತಿಳಿದು ಮೂಗಿನಿಂದ ಕೈ ತೆಗೆಯುತ್ತಿದ್ದರು.

ಆ ಪಡಸಾಲೆಯಲ್ಲಿ ಒಂದು ಹುಡುಗಿ ಓಡಾಡುತ್ತಿತ್ತು. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಬಾಯಲ್ಲಿ ಉರ್ದು. ಹೆಸರು ಫಕೀರವ್ವ. ಹೊಸಬರು ಬೆರಗಾಗಿ ಕೇಳಿದರೆ ರಹೀಮುನ್ನಿಸಾ ನಗುತ್ತಿದ್ದಳು. "ನನ್ನ ಮಗಳ್ರಿ. ತೌಡು ಕೊಟ್ಟು ತಗೊಂಡೇನಿ."

ಮಾತು ಸುಳ್ಳಲ್ಲ. ದಾವಲಸಾಬನ ಮೂಲ ಊರು ತೇರಗಾಂವದ ಆಚೆಗಿನ ಒಂದು ಸಣ್ಣ ಹಳ್ಳಿ. ಅಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆ ರೈತ ನಾಗಲಿಂಗಪ್ಪನದು. ಅವನ ಹೆಂಡತಿ ಕಾಶೆವ್ವ ಹೆತ್ತ ಮೂರು ಕೂಸುಗಳು ಒಂದರ ಹಿಂದೊಂದು ಮಣ್ಣು ಸೇರಿದ್ದವು. ನಾಲ್ಕನೆಯದು ಹುಟ್ಟಿದಾಗ ಹಿರಿಯರು ಹಳೆಯ ಪದ್ಧತಿಯಂತೆ ಕೂಸನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲ ಹೊರಗಿಟ್ಟರು. ರಹೀಮುನ್ನಿಸಾ ಒಂದು ಬೊಗಸೆ ತೌಡು ಕೊಟ್ಟು ಕೂಸನ್ನು ಕೊಂಡಳು. ಇದು ಕಾಶೆವ್ವನ ಕೂಸಲ್ಲ, ಸಾಬರ ಕೂಸು ಎಂದು ಸಾವಿಗೆ ಮೋಸ ಮಾಡುವ ಆಟ ಅದು. ಹೆಸರೂ ಅದಕ್ಕೆ ತಕ್ಕಂತೆ ಫಕೀರವ್ವ. ಸಾಮಾನ್ಯವಾಗಿ ಇದೆಲ್ಲ ಬಾಯಿಮಾತಿಗೆ, ಕೂಸು ಹೆತ್ತವಳ ಮಡಿಲಲ್ಲೇ ಇರುತ್ತದೆ. ಆದರೆ ಕಾಶೆವ್ವನಿಗೆ ಬಾಣಂತಿ ಜ್ವರ, ಎದೆಯಲ್ಲಿ ಹಾಲಿಲ್ಲ. ರಹೀಮುನ್ನಿಸಾಳ ಮಡಿಲಲ್ಲಿ ಆಗ ಅವಳ ಮಗ ಅಬ್ದುಲ್ ರಜಾಕ ಇದ್ದ. ಆಟ ನಿಜವಾಯಿತು, ಎರಡೂ ಕೂಸು ಒಂದೇ ಎದೆಗೆ ಬಿದ್ದವು. ಮುಂದೆ ಮಿಲ್ಲಿಗೆ ಆಳು ತೆಗೆದುಕೊಳ್ಳುವಾಗ ದಾವಲಸಾಬ ಸಂಸಾರ ಕಟ್ಟಿಕೊಂಡು ದಾಂಡೇಲಿಗೆ ಹೊರಟ. ಮರಳಿ ಕೊಳ್ಳುವ ಹೊತ್ತು ಬರುವತನಕ ಕೂಸು ಕೊಂಡವರ ಬಳಿಯೇ ಇರಲಿ ಎಂದು ಕಾಶೆವ್ವ ಕಣ್ಣೊರೆಸಿಕೊಂಡು ಕಳಿಸಿದಳು. ಅವಳಿಗೆ ಮಗಳನ್ನು ಮಡಿಲಲ್ಲಿಟ್ಟುಕೊಳ್ಳುವ ಸುಖಕ್ಕಿಂತ ಮಗಳ ಉಸಿರು ದೊಡ್ಡದಾಗಿತ್ತು.

ಕೂಸನ್ನು ಹೆತ್ತವರ ಆಚಾರದಲ್ಲೇ ಬೆಳೆಸುತ್ತೇನೆಂದು ಕೊಟ್ಟ ಮಾತನ್ನು ರಹೀಮುನ್ನಿಸಾ ತಪ್ಪಲಿಲ್ಲ. ಮಗಳಿಗೆ ಬೇರೆ ಒಲೆ, ಬೇರೆ ಗಡಿಗೆ. ಮಿಂದ ಮೇಲೆ ವಿಭೂತಿ ಮರೆತರೆ ಬೈಯುತ್ತಿದ್ದವಳೂ ಅವಳೇ. ಊಟಕ್ಕೆ ಬರುವವರಲ್ಲಿ ಮರಾಠಿ ಫಿಟ್ಟರ ಇದ್ದ, ಜೋಯಿಡಾ ಕಡೆಯ ಕೊಂಕಣಿ ಮಾತಿನವನಿದ್ದ, ಹಾವೇರಿ ಕಡೆಯ ಹಮಾಲರಿದ್ದರು. ಹುಡುಗಿ ಎಲ್ಲರ ಜೊತೆ ಅವರವರ ಮಾತಿನಲ್ಲೇ ಜಗಳಾಡುತ್ತಿತ್ತು. ಫಿಟ್ಟರನ ಕೈಯಲ್ಲಿನ ಪೇಪರು ಕಸಿದು ಅಕ್ಷರ ಕೇಳುತ್ತಿತ್ತು. ಪಕ್ಕದಲ್ಲೇ ಕೂತ ರಜಾಕನಿಗೆ ಎರಡರ ಮಗ್ಗಿಯೂ ನಿಲ್ಲುತ್ತಿರಲಿಲ್ಲ. ಅವನು ಕಂದೀಲು ಬಿಚ್ಚಿ ಮತ್ತೆ ಜೋಡಿಸುವುದರಲ್ಲಿ ಮುಳುಗಿರುತ್ತಿದ್ದ.

"ಒಂದೇ ಹಾಲು ಕುಡಸೀನಿ, ಹಿಂಗ್ಯಾಕ?" ಎಂದು ರಹೀಮುನ್ನಿಸಾ ಗಂಡನನ್ನು ಕೇಳಿದಳು.

"ಒಂದೇ ಹಿಟ್ಟಿನಾಗ ನಿನ್ನ ರೊಟ್ಟಿ ಎಲ್ಲಾ ಒಂದೇ ಥರ ಆಗ್ತಾವೇನು?" ಎಂದು ದಾವಲಸಾಬ ಕರಕಾದ ರೊಟ್ಟಿ ಎತ್ತಿ ತೋರಿಸಿದ. ಅವತ್ತು ಅವನಿಗೆ ಎರಡನೇ ರೊಟ್ಟಿ ಸಿಗಲಿಲ್ಲ.

ಏಳು ತುಂಬಿದಾಗ ಮಗಳನ್ನು ಮರಳಿ ಕೊಳ್ಳಲು ಕಾಶೆವ್ವ, ನಾಗಲಿಂಗಪ್ಪ ಬಂದರು. ಪದ್ಧತಿಯಂತೆ ಕೊಂಡವರು ಕೊಟ್ಟದ್ದನ್ನೇ ತಿರುಗಿ ಕೊಟ್ಟು ಬಿಡಿಸಿಕೊಳ್ಳಬೇಕು, ತೌಡಿಗೆ ತೌಡು. ಆದರೆ ಹಾಲೂಡಿಸಿದ ಹೆಂಗಸಿನ ಉಡಿಗೆ ದನದ ತಿನಿಸು ಹಾಕುವುದೇ ಎಂದು ಕಾಶೆವ್ವನ ಮನಸ್ಸು ಒಪ್ಪಲಿಲ್ಲ. ಇಳಕಲ್ಲ ಸೀರೆ, ತೆಂಗಿನಕಾಯಿ, ಬೆಲ್ಲ ತಂದು ಉಡಿ ತುಂಬಿದಳು. ರಹೀಮುನ್ನಿಸಾ ಉಡಿ ಒಡ್ಡಿ ತುಂಬಿಸಿಕೊಂಡಳು. ಬಸ್ಸು ಹೋದ ಮೇಲೆ ಮಗಳ ಗಡಿಗೆಯನ್ನು ತೊಳೆದು ಬೋರಲು ಹಾಕಿದಳು.

ಅಲ್ಲಿಂದ ಪ್ರತಿ ವರ್ಷ ಪಂಚಮಿಗೆ ಮಗಳನ್ನು ಕರೆಯಲು ಅವಳೇ ಹೋಗುತ್ತಿದ್ದಳು. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಫಕೀರವ್ವನ ತವರು ದಾಂಡೇಲಿಯ ಸಾಬರ ಮನೆ ಎಂದು ಊರೇ ಒಪ್ಪಿಕೊಂಡಿತ್ತು. ಆ ಕಾಲಕ್ಕೆ ಅದು ದೊಡ್ಡ ಮಾತಾಗಿರಲಿಲ್ಲ. ಈಗ ಹೇಳಿದರೆ ಸಾಕ್ಷಿ ಕೇಳುವವರಿದ್ದಾರೆ.

ಫಕೀರವ್ವ ಊರ ಶಾಲೆಯಲ್ಲಿ ನಾಲ್ಕನೇತ್ತಾ ಮುಗಿಸಿದ ವರ್ಷದ ಪಂಚಮಿ. ಶೇಂಗಾ ಉಂಡಿಯ ಡಬ್ಬಿ ಹಿಡಿದು ರಹೀಮುನ್ನಿಸಾ ಮನೆ ಹೊಕ್ಕರೆ ಹುಡುಗಿ ಅತ್ತು ಮುಖ ಊದಿಸಿಕೊಂಡು ಕೂತಿತ್ತು.

"ಅಮ್ಮಿ, ನನ್ನ ಸಾಲಿ ಬಿಡಿಸ್ಯಾರ. ಈಶ್ಯಾಂದೂ."

ಈಶಪ್ಪ ಅವಳ ಬೆನ್ನಿಗೆ ಹುಟ್ಟಿ ಬದುಕಿದ ತಮ್ಮ. ಎರಡನೇತ್ತದಲ್ಲಿ ಎರಡು ಸಲ ಕೂತಿದ್ದ. ತೀರ್ಪು ಕೊಟ್ಟವನು ಅಡಿವೆಯ್ಯ, ಎಲ್ಲೋ ಬೆಳಗಾವಿ ಕಡೆ ಮಾಸ್ತರಿಕೆ ಮಾಡಿ ನಿವೃತ್ತನಾಗಿ ಊರಿಗೆ ಬಂದವನು. ಮನೆಯ ಮುಂದಿನ ಕಟ್ಟೆಯ ಮೇಲೆ ಕೂತೇ ಇದ್ದ.

"ಬುದ್ಧಿ ಅನ್ನೂದು ರಕ್ತದಾಗ ಬರತೈತಿ, ರಹೀಮವ್ವ," ಎಂದು ತಿಳಿಸಿ ಹೇಳಿದ. "ಫಕೀರಿಗೆ ಹುಟ್ಟಿನಿಂದss ಬಂದೈತಿ. ಸಾಲಿ ಬಿಡಿಸಿದ್ರ ಅದೇನ ಕರಗಿ ಹೋಗತೈತೇನು? ಈಶ್ಯಾ ಹುಟ್ಟಿನಿಂದss ದಡ್ಡ. ಸಾಲಿಗೆ ಕಳಿಸಿದ್ರ ಬುದ್ಧಿ ಮೊಳಿತೈತೇನು? ಇಬ್ಬರಿಗೂ ಸಾಲಿ ದಂಡ."

ಎಂಥ ಚೆಂದದ ತರ್ಕ! ಜಾಣೆಗೆ ಶಾಲೆ ಬೇಕಿಲ್ಲ, ದಡ್ಡನಿಗೆ ಶಾಲೆ ಹತ್ತುವುದಿಲ್ಲ. ಹಾಗಾದರೆ ಶಾಲೆ ಯಾರಿಗೆ? ಅಡಿವೆಯ್ಯನ ಮೊಮ್ಮಕ್ಕಳು ಮಾತ್ರ ಧಾರವಾಡದಲ್ಲಿ ರೂಮು ಮಾಡಿ ಓದುತ್ತಿದ್ದರು. ಅವರ ರಕ್ತದಲ್ಲಿ ಏನು ಕಡಿಮೆ ಬಿದ್ದಿತ್ತೋ ಯಾರೂ ಕೇಳಲಿಲ್ಲ. ಬಡವರ ಮಕ್ಕಳ ತಲೆ ತೂಗುವ ಉಮೇದು ನಮ್ಮ ಜನಕ್ಕೆ ಎಂದೂ ಕಡಿಮೆಯಾಗಿಲ್ಲ. ತೂಕ ಮೊದಲು, ಊಟ ಆಮೇಲೆ.

"ಬುದ್ಧಿ ರಕ್ತದಾಗ ಇದ್ರ ಈಶ್ಯಾಂದೂ ಅದss ರಕ್ತ ಅಲ್ರಿ ಮಾಸ್ತರ?"

"ಹಂಗಾದ್ರ ನಿನ್ನ ಹಾಲಿನ ಗುಣ ಅಂತೀ ಏನು? ನಿನ್ನ ಮಗಗ ಯಾಕ ಹತ್ತಲಿಲ್ಲ ಮತ್ತ?"

ಕಟ್ಟೆಯ ಮೇಲಿದ್ದವರು ಗೊಳ್ಳೆಂದು ನಕ್ಕರು. ರಕ್ತವೋ ಹಾಲೋ ರಹೀಮುನ್ನಿಸಾಳಿಗೇನು ಗೊತ್ತು? ಒಂದು ಮಾತ್ರ ಗೊತ್ತಿತ್ತು. ಏಳನೇತ್ತದ ಮುಲ್ಕಿ ಪರೀಕ್ಷೆ ಪಾಸಾದರೆ ಹುಡುಗಿಗೆ ಮಾಸ್ತರಿಕೆ ಸಿಗುತ್ತದೆ, ಇಲ್ಲದಿದ್ದರೆ ಬರುವ ಜೋಳದ ಸುಗ್ಗಿಗೆ ಮದುವೆ. ಸಾತಪ್ಪ ಎಂಬವನ ಮನೆಯಿಂದ ಆಗಲೇ ಕೇಳಿಕೊಂಡು ಬಂದಿದ್ದರು.

ಅವಳು ಒಳಗೆ ಹೋಗಿ ಕಾಶೆವ್ವನ ಮುಂದೆ ಕೂತಳು.

"ಅಕ್ಕಾ, ಫಕೀರಿ ಇನ್ನೂ ನನ್ನಕಿ. ನೀವು ತೌಡು ತಿರುಗಿ ಕೊಟ್ಟಿಲ್ಲ."

ಕಾಶೆವ್ವನ ಕೈಯಲ್ಲಿನ ತಂಬಿಗೆ ಕೆಳಗೆ ಬಿತ್ತು. "ಸೀರಿ ಕೊಟ್ಟೇನಲ್ಲ ತಂಗಿ... ಕಾಯಿ ಕೊಟ್ಟೇನಿ..."

"ಸೀರಿಗೆ ತಗೊಂಡಿದ್ದಿಲ್ಲ ನಾ. ತೌಡಿಗೆ ತಗೊಂಡಿದ್ದೆ."

ಮಾತು ಬಾಯಿಂದ ಬಿದ್ದ ಕೂಡಲೇ ಅವಳಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಕಾಶೆವ್ವನ ಕಣ್ಣು ಹಿತ್ತಲಾಚೆ ಮಕ್ಕಳನ್ನು ಮಣ್ಣು ಮಾಡಿದ ಕಡೆಗೆ ಹೋಗಿತ್ತು. ಬಿಡುಗಡೆಯಾಗದ ಕೂಸನ್ನು ಇಷ್ಟು ವರ್ಷ ನನ್ನದೆಂದು ಕರೆದಿದ್ದೆ, ಸಾವು ಕೇಳಿಸಿಕೊಂಡಿದ್ದರೆ? ಕಾಶೆವ್ವ ದಡಬಡಿಸಿ ಎದ್ದು ಒಳಗಿಂದ ಮೊರದ ತುಂಬ ತೌಡು ತಂದಳು.

"ತಗೋ, ತಂಗಿ. ನಿನ್ನ ಕಾಲ ಬೀಳ್ತೇನಿ, ತಗೋ."

ರಹೀಮುನ್ನಿಸಾ ಉಡಿ ಒಡ್ಡಲಿಲ್ಲ. ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡಳು. "ಅಕಿ ಮುಲ್ಕಿ ಪಾಸ ಆದ ದಿನಾ ತಗೋತೇನಿ. ಅಲ್ಲೀತನಕಾ ನನ್ನ ಮಗಳು ನನ್ನ ಮನ್ಯಾಗ ಓದ್ತಾಳ."

ನಾಗಲಿಂಗಪ್ಪ ಹೊರಗಿನಿಂದ ಒದರಿದ. "ಇದೇನ ಸಾಬರಕಿ, ಹಬ್ಬದ ದಿನಾ ಹೆದರಸಾಕ ಬಂದೀಯೇನು?"

"ಹೌದ, ನಾಗಲಿಂಗಣ್ಣಾ. ಕೇಳಿದ್ರ ನೀವು ಕೇಳಂಗಿಲ್ಲ, ಅದಕ್ಕ ಹೆದರಸಾಕತ್ತೇನಿ. ಆ ಪಾಪ ನನ್ನ ತಲಿ ಮ್ಯಾಲ ಇರಲಿ."

ಗಂಡಹೆಂಡಿರ ನಡುವೆ ಗುಸುಗುಸು ನಡೆಯಿತು. ಕೊನೆಗೆ ಕಾಶೆವ್ವ ಮಗಳ ಬಟ್ಟೆ ಗಂಟು ಕಟ್ಟತೊಡಗಿದಳು. ರಹೀಮುನ್ನಿಸಾ ಬಾಗಿಲಲ್ಲಿ ತಿರುಗಿದಳು. ಗೋಡೆಗೆ ಬೆನ್ನು ಹಚ್ಚಿ ಈಶಪ್ಪ ನಿಂತಿದ್ದ. ತನ್ನನ್ನು ಯಾರೂ ಕರೆಯುವುದಿಲ್ಲವೆಂದು ಆಗಲೇ ತಿಳಿದುಕೊಂಡವನ ಮುಖ ಅದು.

"ಇಂವನ್ನೂ ಕಳಸ್ರಿ."

"ಅವನ್ನ ನೀ ಕೊಂಡಿಲ್ಲಲಾ!" ಎಂದ ನಾಗಲಿಂಗಪ್ಪ.

"ಇಲ್ಲ. ಅದಕ್ಕss ಕೇಳಾಕತ್ತೇನಿ."

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಇರುಕಿಕೊಂಡು ಬಂದರು.

ಆಮೇಲಿನ ವರ್ಷಗಳು ಖಾನಾವಳಿಯ ಗದ್ದಲದಲ್ಲೇ ಕಳೆದವು. ಕಂದೀಲಿನ ಸುತ್ತ ಮೂರು ತಲೆ. ಫಕೀರವ್ವ ಓದುತ್ತಿದ್ದಳು, ಈಶಪ್ಪ ಅಕ್ಷರದ ಮೇಲೆ ಬೆರಳಿಟ್ಟು ತೆವಳುತ್ತಿದ್ದ, ರಜಾಕ ತೂಕಡಿಸುತ್ತಿದ್ದ. ಮರಾಠಿ ಫಿಟ್ಟರ ಊಟದ ಮೇಲೆ ಲೆಕ್ಕ ಹೇಳಿಕೊಡುತ್ತಿದ್ದ. ಅಂಥ ಕಂದೀಲು, ಅಂಥ ಪುಕ್ಕಟೆ ಮಾಸ್ತರರು ಈಗ ಎಲ್ಲಿ ಸಿಗಬೇಕು?

ಫಕೀರವ್ವ ಮುಲ್ಕಿ ಪಾಸಾದಳು. ಊರಿನ ಕಟ್ಟೆಯ ಮೇಲೆ ಅಡಿವೆಯ್ಯ "ರಕ್ತ, ನಾ ಹೇಳಿರಲಿಲ್ಲೇನು?" ಎಂದನಂತೆ. ಅವನು ಸಾಯುವತನಕ ಹಾಗೆಯೇ ಅಂದ. ಈಶಪ್ಪ ಅದೇ ವರ್ಷ ನಾಲ್ಕನೇತ್ತಾ ಪಾಸಾದ. ಅವನ ವಿಷಯಕ್ಕೆ ಯಾವ ಕಟ್ಟೆಯೂ ಏನೂ ಅನ್ನಲಿಲ್ಲ.

ಸುದ್ದಿ ಬಂದ ದಿನ ರಹೀಮುನ್ನಿಸಾ ತೌಡು ತರಲು ಕಾಶೆವ್ವನಿಗೆ ಹೇಳಿಕಳಿಸಿ ಶಿರಾ ಮಾಡಿದಳು. ಆ ದಿನದ ಅಡಿಗೆ ಬರೆಯುವ ಬಾಗಿಲ ಹಲಗೆಯ ಮೇಲೆ ಶಿರಾ ಎಂದು ಬರೆಯಲು ಫಕೀರವ್ವ ಸೀಮೆಸುಣ್ಣದ ಖಡು ಎತ್ತಿಕೊಂಡಳು. ರಹೀಮುನ್ನಿಸಾ ಅದನ್ನು ಕಸಿದು ಈಶಪ್ಪನ ಕೈಗೆ ಕೊಟ್ಟಳು. ಅವನು 'ಇಂದು' ಎಂದು ಬರೆದು ನಿಂತ, ಯೋಚಿಸಿದ, ಅಳಿಸಿದ, ಮತ್ತೆ ಬರೆದ. ಪಾಳಿ ಬಿಟ್ಟು ಹಸಿದು ಬಂದ ಹಮಾಲರು ಬಾಗಿಲಲ್ಲೇ ಜಮಾಯಿಸಿದರು.

"ಏ ಅಮ್ಮಿ, ಹೊಟ್ಟಿ ಚುರುಗುಟ್ಟಾಕತ್ತೈತಿ! ಇಂವ ಬರದು ಮುಗಸೂದ್ರಾಗ ಶಿರಾ ಹಳಸತೈತಿ."

"ಹಳಸಲಿ," ಎಂದಳು ರಹೀಮುನ್ನಿಸಾ, ಬಾಗಿಲಿಗೆ ಅಡ್ಡ ಕೈ ಇಟ್ಟು. "ಅಂವಾ ಬರಿಯಾಕತ್ತಾನ. ನಿಂದರ್ರಿ."