ತಾಂಡೇಲ ಇನಾಸಬಾಬರ ಸಾಕ್ಷಿ

2005ರಲ್ಲಿ ನಾನು ಕಾರವಾರದ ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ನಡೆಸುವ ವಕೀಲನಾಗಿದ್ದೆ. ಈಗಲೂ ಅದೇ ಕೋರ್ಟು, ಅದೇ ಕರಿಕೋಟು. ಕೋಟು ಮಾತ್ರ ಈಗ ಹೊಟ್ಟೆಯ ಹತ್ತಿರ ಗುಂಡಿ ಹಾಕಿಸಿಕೊಳ್ಳುವುದಿಲ್ಲ. ಚಿಂತೆ ಮಾಡುವುದು ನನ್ನ ಎರಡನೆಯ ಕಸುಬು. ಮೊದಲನೆಯದರಲ್ಲಿ ಸೋತದ್ದುಂಟು, ಎರಡನೆಯದರಲ್ಲಿ ಇಲ್ಲ. ಒಂದು ಕೊಡೆ ಮರೆತರೆ ಇರಲಿ ಎಂದು ಇನ್ನೊಂದನ್ನು ಒಯ್ಯುವವನು, ಎರಡನ್ನೂ ಬಸ್ಸಿನಲ್ಲಿ ಬಿಟ್ಟು ಬರುವವನು ನಾನು. "ನಿಮಗೆ ಚಿಂತೆ ಮಾಡೂಕೆ ಏನೂ ಸಿಗದ ದಿನ ಜ್ವರ ಬರ್ತದೆ" ಎಂದು ನನ್ನ ಹೆಂಡತಿ ಫಿಲೋಮಿನಾ ಹೇಳುವುದುಂಟು. ಆದರೆ ಆ ವರ್ಷ ನನ್ನ ಪಾಲಿಗೆ ಬಂದ ಒಂದು ಪ್ರಕರಣದಲ್ಲಿ ಚಿಂತೆಗೆ ನಿಜವಾದ ಕಾರಣವೇ ಇತ್ತು.

ಪ್ರಕರಣ ಭಾರತೀಯ ದಂಡ ಸಂಹಿತೆಯ 304-ಎ ಕಲಮಿನದು. ಕೊಲ್ಲುವ ಉದ್ದೇಶವಿಲ್ಲದೆ, ನಿರ್ಲಕ್ಷ್ಯದಿಂದ ಒಬ್ಬರ ಸಾವಿಗೆ ಕಾರಣನಾಗುವುದು ಎಂದು ಅದರ ಅರ್ಥ. ಅದಕ್ಕೂ ಎರಡು ವರ್ಷ ಹಿಂದೆ, ಡಿಸೆಂಬರಿನ ಒಂದು ಬೆಳಗಿನ ಜಾವ, ಬೈತಖೋಲ ಬಂದರಿಗೆ ಮರಳುತ್ತಿದ್ದ ಟ್ರಾಲರ್ ಒಂದು ಪಾತಿ ದೋಣಿಗೆ ಬಡಿದಿತ್ತು. ಪಾತಿ ದೋಣಿ ಎಂದರೆ ಒಬ್ಬಿಬ್ಬರು ಹುಟ್ಟು ಹಾಕಿ ನಡೆಸುವ ಚಿಕ್ಕ ದೋಣಿ. ಅದರಲ್ಲಿದ್ದವರು ಅಂಕೋಲೆ ಕಡೆಯ ಬೇಲೇಕೇರಿಯ ತಿಮ್ಮಪ್ಪ, ಒಬ್ಬರೇ. ಅವರ ಶವ ಮರುದಿನ ದಡಕ್ಕೆ ಬಂತು. ಟ್ರಾಲರಿನ ಚುಕ್ಕಾಣಿ ಹಿಡಿದಿದ್ದ ಗಣಪತಿ ಎಂಬ ಖಲಾಸಿಯ ಮೇಲೆ ಪೊಲೀಸರು ದೋಷಾರೋಪ ಹೊರಿಸಿದರು. ಮದುವೆಯಾಗಿ ವರ್ಷ ತುಂಬದ ಆ ಗಣಪತಿಯೇ ನನ್ನ ಕಕ್ಷಿದಾರ.

ಇಂಥ ಪ್ರಕರಣಗಳಲ್ಲಿ ನಮ್ಮ ಕಡೆ ವಕೀಲರ ವಾದ ಸಿದ್ಧವಾಗಿಯೇ ಇರುತ್ತದೆ: ಕಾವಳ, ಅಂದರೆ ದಟ್ಟ ಮಂಜು, ಕವಿದಿತ್ತು, ದೋಣಿಯಲ್ಲಿ ದೀಪವಿರಲಿಲ್ಲ, ಸತ್ತವನೇ ಟ್ರಾಲರುಗಳ ದಾರಿಗೆ ಅಡ್ಡ ಬಂದ. ಸತ್ತವನು ಎದ್ದು ಬಂದು ಇಲ್ಲ ಎನ್ನುವುದಿಲ್ಲ. ಗಣಪತಿ ನನಗೆ ಹೇಳಿದ್ದು "ನಂಗೆ ದೀಪ ಕಂಡಿಲ್ಲ, ಸಾಯಬ್ರೇ" ಎಂದಷ್ಟೇ. 'ಕಂಡಿಲ್ಲ' ಎಂಬುದನ್ನು 'ಇರಲಿಲ್ಲ' ಎಂದು ಮಾಡುವುದು ನನ್ನ ಕೆಲಸವಾಗಿತ್ತು. ತಿಮ್ಮಪ್ಪನವರ ಹೆಂಡತಿ ಹೊನ್ನಮ್ಮ ಪ್ರತಿ ತಾರೀಕಿಗೂ ಅಂಕೋಲೆಯಿಂದ ಬಸ್ಸು ಹಿಡಿದು ಬಂದು ಕೋರ್ಟಿನ ಹಿಂದಿನ ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ಯಾರ ಜೊತೆಯೂ ಮಾತಿಲ್ಲ. ಒಮ್ಮೆ ಮಾತ್ರ ವರಾಂಡದಲ್ಲಿ ನನ್ನನ್ನು ತಡೆದು ಕೇಳಿದರು: "ವಕೀಲ್ರೇ, ನಮ್ಮನೆಯವ್ರು ದೀಪ ಇಲ್ದೆ ಕಡಲಿಗೆ ಹೋಪೋರು ಅಲ್ಲ. ಹಾಂಗೆ ಹೇಳ್ತ್ರಲ್ಲ, ನೀವು ಕಂಡಿದ್ರಾ?" ನಾನು ಫೈಲಿನೊಳಗೆ ಏನನ್ನೋ ಹುಡುಕುವವನಂತೆ ನಡೆದುಬಿಟ್ಟೆ.

ಸರ್ಕಾರದ ಪರವಾದ ಮುಖ್ಯ ಸಾಕ್ಷಿ ಇನಾಸಬಾಬ, ಆ ಟ್ರಾಲರಿನ ತಾಂಡೇಲ. ತಾಂಡೇಲನೆಂದರೆ ಬೋಟಿನ ಯಜಮಾನನಲ್ಲ, ಬೋಟನ್ನು ಕಡಲಿಗೆ ಒಯ್ದು ತರುವ ಮುಖ್ಯಸ್ಥ. ಬೋಟಿನಲ್ಲಿ ಅವನ ಮಾತೇ ಕೊನೆಯದು. ಐವತ್ತು ದಾಟಿದ ಇನಾಸಬಾಬರು ನಮ್ಮ ಇಗರ್ಜಿಯವರೇ, ಎಂದರೆ ನಮ್ಮ ಚರ್ಚಿನವರೇ. ಭಾನುವಾರದ ಪೂಜೆಯಲ್ಲಿ ಪವಿತ್ರ ಗ್ರಂಥದ ವಾಚನ ಅವರದ್ದು. ಗಾಳಿಗೆ ಒಡೆದ ಒರಟು ದನಿ, ಆದರೆ ಪ್ರತಿ ಶಬ್ದ ಸ್ಪಷ್ಟ. ಪೊಲೀಸರಿಗೆ ಅವರು ಕೊಟ್ಟ ಹೇಳಿಕೆ ಸಣ್ಣದು: ಗಣಪತಿ ಚುಕ್ಕಾಣಿಯಲ್ಲಿದ್ದ, ತಾನು ಮೀನಿನ ಹತ್ತಿರ ಇದ್ದೆ, ಸದ್ದು ಕೇಳಿತು.

ಅವರ ಸಾಕ್ಷ್ಯದ ತಾರೀಕಿಗೆ ಕೆಲವು ದಿನ ಮುಂಚೆ, ಒಂದು ಸಂಜೆ, ಅವರು ನಮ್ಮ ಮನೆಗೆ ಬಂದರು. ನಾವು ಮಾತಾಡುವುದು ಕೊಂಕಣಿ. ಇಲ್ಲಿ ಅದನ್ನು ನಮ್ಮ ಕಡೆಯ ಕನ್ನಡಕ್ಕೆ ತಂದಿದ್ದೇನೆ. ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಟ್ಟರು:

"ವಕೀಲಬಾಬ, ಆ ದೋಣಿಯಲ್ಲಿ ದೀಪ ಇತ್ತು. ನಾನು ಕಂಡಿದ್ದೆ."

ನಾನು ಎರಡೂ ಕೈ ಎತ್ತಿದೆ. "ಏನೂ ಹೇಳ್ಬೇಡಿ! ನೀವು ಸರ್ಕಾರದ ಸಾಕ್ಷಿ, ನಾನು ಆರೋಪಿಯ ವಕೀಲ. ನಿಮ್ಮನ್ನ ಮನೆ ಒಳಗೆ ಬಿಟ್ಟದ್ದೇ ತಪ್ಪು."

"ಹಾಗಾರೆ ಹೊರಗೆ ನಿಂತು ಹೇಳ್ತೆ." ಅವರು ಮೆಟ್ಟಿಲಿಳಿದು ಅಂಗಳದಲ್ಲಿ ನಿಂತರು. "ಈಗ ಸರಿಯಾ?"

ಒಳಗಿನಿಂದ ಫಿಲೋಮಿನಾ ನಕ್ಕಿದ್ದು ಕೇಳಿಸಿತು. ಮುಂದಿನ ಮಾತಿಗೆ ಅವಳೂ ನಗಲಿಲ್ಲ.

ಬೈತಖೋಲದಲ್ಲಿ ಆಗ ಒಂದು ರೂಢಿಯಿತ್ತು. ಮೊದಲು ಧಕ್ಕೆ, ಅಂದರೆ ಮೀನು ಇಳಿಸುವ ಕಟ್ಟೆ, ಮುಟ್ಟಿದ ಬೋಟಿನ ಮೀನಿಗೆ ಹರಾಜಿನಲ್ಲಿ ಒಳ್ಳೆಯ ದರ. ಹಾಗಾಗಿ ಬಂದರು ಹತ್ತಿರವಾಗುತ್ತಿದ್ದಂತೆ ಬೋಟಿನಲ್ಲಿದ್ದವರೆಲ್ಲ ಮೀನು ತೊಳೆದು ಬುಟ್ಟಿಗೆ ತುಂಬಬೇಕು. ಟ್ರಾಲರಿನ ಮುಂಭಾಗ ಎತ್ತರ. ಚುಕ್ಕಾಣಿ ಹಿಡಿದವನಿಗೆ ಬೋಟಿನ ಮೂತಿಯ ಕೆಳಗಿನ ನೀರು ಕಾಣುವುದಿಲ್ಲ. ಅದಕ್ಕೇ ಮುಂತುದಿಯಲ್ಲಿ ಒಬ್ಬ ಕಾವಲು ನಿಲ್ಲಬೇಕು. ಆದರೆ ಹರಾಜಿನ ಅವಸರದಲ್ಲಿ ಅವನನ್ನೂ ಮೀನಿಗೆ ಕರೆಯುತ್ತಿದ್ದರು. ಎಲ್ಲ ಬೋಟಿನವರೂ ಕರೆಯುತ್ತಿದ್ದರು. ಆ ದಿನ ಕರೆದವರು ಇನಾಸಬಾಬ.

"ಮುಂದೆ ನಿಂತವ 'ಕಾವಳ ಉಂಟು' ಅಂದ. 'ಕಾವಳ ಹರಾಜು ಕೂಗ್ತದಾ? ಬಾ' ಅಂದೆ ನಾನು. ಎಲ್ಲರೂ ನಗಾಡಿದ್ರು. ಬುಟ್ಟಿಯಿಂದ ತಲೆ ಎತ್ತಿದಾಗ ದೀಪ ಕಾಣ್ತು. ಕೂಗಬೇಕು ಅನ್ನೋದರೊಳಗೆ ಅದು ನಮ್ಮ ಅಡಿಯಲ್ಲಿತ್ತು."

ಗಣಪತಿಗೆ ಕಾವಲು ಇಲ್ಲದ್ದು ಗೊತ್ತಿತ್ತು. ತನಗೆ ಕಸುಬು ಕಲಿಸಿದ ಇನಾಸಬಾಬರ ಹೆಸರು ಬರಬಾರದೆಂದು ಅವನು ನನಗೂ ಹೇಳಿರಲಿಲ್ಲ.

"ಎರಡು ವರ್ಷ ಸುಮ್ಮನಿದ್ರಿ. ಈಗೇನು?" ಎಂದೆ.

"ಕಳೆದ ಭಾನುವಾರ ನಾನೇ ಓದಿದ್ದಲ್ವಾ. 'ನನ್ನ ಹಿಂದೆ ಬರುವವನು ತನ್ನನ್ನು ಬಿಟ್ಟುಕೊಡಬೇಕು, ದಿನಾಲೂ ಶಿಲುಬೆ ಹೊರಬೇಕು' ಅಂತ ದೇವರ ಮಾತು. ಎಷ್ಟು ವರ್ಷದಿಂದ ಓದ್ತಿದ್ದೆ! ಇಡೀ ಇಗರ್ಜಿ ಕೇಳಿದೆ. ಓದಿದವ ಕೇಳಿರಲಿಲ್ಲ."

ಅವರು ಹೋದ ಮೇಲೆ ಕಾನೂನಿನ ಪುಸ್ತಕ ತೆಗೆದು ಕೂತೆ. ಕಾನೂನಿನ ಲೆಕ್ಕ ಸರಳ. ಇನಾಸಬಾಬ ಅದನ್ನು ಕಟಕಟೆಯಲ್ಲಿ ಹೇಳಿದರೆ ಗಣಪತಿ ಉಳಿಯುತ್ತಾನೆ, ಹೇಳಿದವರೇ ಆರೋಪಿಯಾಗುತ್ತಾರೆ. ದಂಡ ಪ್ರಕ್ರಿಯಾ ಸಂಹಿತೆಯ 319ನೆಯ ಕಲಮು ಆ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡುತ್ತದೆ. ಹೇಳದಿದ್ದರೆ ನನ್ನ ಹಳೆಯ ವಾದವಿದೆ. ತಿಮ್ಮಪ್ಪನವರ ತಲೆಯ ಮೇಲೆ ತಪ್ಪು ಹೊರಿಸಿದರೆ ಯಾರೂ ಜೈಲಿಗೆ ಹೋಗಬೇಕಾಗಿಲ್ಲ. ಬಾರ್ ರೂಮಿನಲ್ಲಿ ಹೆಸರು ಹೇಳದೆ ಸಹೋದ್ಯೋಗಿಯೊಬ್ಬರ ಹತ್ತಿರ ವಿಷಯ ತೆಗೆದೆ. "ಮಾರಾಯಾ, ಎದುರು ಪಾರ್ಟಿ ಸಾಕ್ಷಿ ನಿನ್ನ ಪರ ಗೋಲು ಹೊಡೀತೆ ಅಂತಾನೆ. ನೀನು ಗೋಲ್‌ಕೀಪರ್ ಕಾಲು ನೋವಿನ ಬಗ್ಗೆ ಅಳ್ತಾ ಕೂತೀಯಲ್ಲ!" ಎಂದು ಅವರು ನನ್ನ ಚಹಾವನ್ನೂ ಕುಡಿದು ಎದ್ದುಹೋದರು. ಫಿಲೋಮಿನಾ ಇಷ್ಟೇ ಹೇಳಿದಳು: "ಅವರು ನಿಮ್ಮ ಒಪ್ಪಿಗೆ ಕೇಳೂಕೆ ಬಂದಿರಲಿಲ್ಲ. ಬಾಗಿಲು ತೆಗೀರಿ ಅಂತ ಬಂದಿದ್ರು." ಕಟಕಟೆಯಲ್ಲಿ ಸಾಕ್ಷಿ ಕೇಳಿದ್ದಕ್ಕಷ್ಟೇ ಉತ್ತರಿಸಬಹುದು, ಆ ಪ್ರಶ್ನೆಯನ್ನು ನಾನೇ ಕೇಳಬೇಕಿತ್ತು.

ಇನಾಸಬಾಬರ ಸಾಕ್ಷ್ಯದ ದಿನ ಮುಖ್ಯ ವಿಚಾರಣೆಯಲ್ಲಿ ಸರ್ಕಾರಿ ವಕೀಲರು ಪೊಲೀಸ್ ಹೇಳಿಕೆಯಲ್ಲಿದ್ದಷ್ಟನ್ನೇ ಕೇಳಿ ಕುಳಿತರು. ಪಾಟೀಸವಾಲಿಗೆ ನಾನು ಎದ್ದೆ. 'ದೋಣಿಯಲ್ಲಿ ದೀಪವಿರಲಿಲ್ಲ ಎಂದರೆ ಸರಿಯೇ?' ಎಂಬ ಪ್ರಶ್ನೆ ನನ್ನ ಬಾಯಲ್ಲಿ ವರ್ಷಗಳಿಂದ ಅಭ್ಯಾಸವಾಗಿದ್ದ ವಾಕ್ಯ. ಅದನ್ನು ನುಂಗಿ ಕೇಳಿದೆ:

"ಡಿಕ್ಕಿಯಾದಾಗ ಬೋಟಿನ ಮುಂತುದಿಯಲ್ಲಿ ಕಾವಲಿಗೆ ಯಾರಿದ್ದರು?"

"ಯಾರೂ ಇಲ್ಲ."

"ಯಾಕೆ?"

"ಇದ್ದ. ಮೀನು ತುಂಬೂಕೆ ನಾನೇ ಕರೆದೆ."

ನ್ಯಾಯಾಧೀಶರು ಕನ್ನಡಕ ತೆಗೆದರು. "ನೋಡ್ರಿ, ಈ ಮಾತು ನಿಮ್ಮ ಮೇಲೇ ಬರ್ತದೆ. ಗೊತ್ತಿದ್ದು ಹೇಳ್ತಿದ್ದೀರಾ?"

"ಗೊತ್ತು, ಸ್ವಾಮಿ. ದೋಣಿಯಲ್ಲಿ ದೀಪವೂ ಇತ್ತು. ಸತ್ತವರದ್ದು ಏನೂ ತಪ್ಪಿಲ್ಲ. ಅದನ್ನೂ ಬರ್ಸ್ಕೊಳ್ರಿ."

ಟೈಪಿಸ್ಟ್ ಅದನ್ನೂ ಟೈಪು ಮಾಡಿಕೊಂಡರು. ಹಿಂದೆ ತಿರುಗಿ ನೋಡಿದೆ. ಹೊನ್ನಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೂತಿದ್ದರು.

ಇನಾಸಬಾಬರನ್ನು ಆರೋಪಿಯಾಗಿ ಸೇರಿಸಲಾಯಿತು. ಬೇರೆ ವಕೀಲರನ್ನು ಗೊತ್ತುಮಾಡಿಕೊಟ್ಟೆ. ಅವರಿಗೆ ಕೆಲಸವೇ ಇರಲಿಲ್ಲ, ಏಕೆಂದರೆ ಇವರು ತಪ್ಪೊಪ್ಪಿಕೊಂಡುಬಿಟ್ಟರು. ಕೆಲವು ತಿಂಗಳ ಸಾದಾ ಸೆರೆವಾಸವಾಯಿತು. ಗಣಪತಿ ಬಿಡುಗಡೆಯಾದ. ಗೆದ್ದ ದಿನ ನನ್ನ ಕೈಕುಲುಕಲು ಬಂದವನು ಕೈ ಹಿಡಿದುಕೊಂಡೇ ಅತ್ತ.

ನಮ್ಮಂಥವರು ಕಥೆಯನ್ನು ಇಲ್ಲಿಗೆ ನಿಲ್ಲಿಸಲು ಇಷ್ಟಪಡುತ್ತೇವೆ. ಇಗರ್ಜಿಯಲ್ಲೂ ಕೆಲವರು ನಿಲ್ಲಿಸಿದರು. ಬೋಧನೆಯಲ್ಲಿ ಉದಾಹರಣೆ ಕೊಡಲು ಅನುಕೂಲ. ಜೈಲಿನಿಂದ ಬಂದ ಇನಾಸಬಾಬರಿಗೆ ಮಾತ್ರ ಯಾರೂ ಬೋಟು ಕೊಡಲಿಲ್ಲ. ಎಲ್ಲರ ರೂಢಿಯನ್ನು ಕೋರ್ಟಿನಲ್ಲಿ ಬಿಚ್ಚಿಟ್ಟರೆಂದು ಧಕ್ಕೆಯವರಿಗೆ ಸಿಟ್ಟು. "ಸಂತರು ಬಂದ್ರು, ದಾರಿ ಬಿಡ್ರೋ, ಇಲ್ದಿದ್ರೆ ನಿಮ್ಮ ಪಾಪನೂ ಒಪ್ಕೊಂಡುಬಿಡ್ತ್ರು" ಎಂದು ಬಲೆ ಹೊಲಿಯುವವರು ಕೂಗುತ್ತಿದ್ದರು. ಇನಾಸಬಾಬ ಆ ಕೂಗುವವರ ಪಕ್ಕದಲ್ಲೇ ಕೂತು ಬಲೆ ಹೊಲಿದರು.

ಜೈಲಿನಿಂದ ಬಂದ ವರ್ಷ, ಮಳೆಗಾಲ ಮುಗಿದ ಮೇಲೆ, ಅವರು ಬೇಲೇಕೇರಿಗೆ ಜೊತೆಗೆ ಬರುತ್ತೀರಾ ಎಂದು ಕೇಳಿದರು. ದಾರಿಯುದ್ದಕ್ಕೂ ನಾನೇ ಹೆಚ್ಚು ಬೆವರಿದೆ. ಹೊನ್ನಮ್ಮ ಅಂಗಳದಲ್ಲಿ ಒಣಮೀನು ಹರಡುತ್ತಿದ್ದರು. ಇನಾಸಬಾಬ ಚಪ್ಪಲಿ ಕಳಚಿ ನಿಂತು, ತಮಗೆ ಬರುವ ಕನ್ನಡದಲ್ಲಿ ಹೇಳಿದರು: "ತಂಗೀ, ನನ್ನಿಂದ ಆಯ್ತು. ಕ್ಷಮೆ ಕೇಳೂಕೆ ಬಂದೆ."

ಹೊನ್ನಮ್ಮ ತಲೆ ಎತ್ತಲಿಲ್ಲ. "ದೀಪ ಇತ್ತು ಹೇಳಿ ಹೇಳ್ದ್ರಿ. ನಮ್ಮನೆಯವ್ರ ಮರ್ಯಾದಿ ಉಳೀತು. ಅಷ್ಟು ಸಾಕು. ಕ್ಷಮೆ ಎಲ್ಲ ನನ್ ಹತ್ರ ಇಲ್ಲ. ನಿಮ್ಮ ದೇವ್ರು ಕೊಡ್ತ್ನಲ, ಅಂವನ ಹತ್ರ ಕೇಳ್ಕಣಿ." ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಜೋರಾಗಿ ಅಲ್ಲ, ಮೆತ್ತಗೆ.

ಮರಳುವ ಬಸ್ಸಿನಲ್ಲಿ ಇನಾಸಬಾಬ ಇಬ್ಬರ ಟಿಕೆಟನ್ನೂ ತೆಗೆದರು. ಆಮೇಲೆ, "ಅವಳು ಹೇಳಿದ್ದು ಸರಿ. ನಾನು ಹೋದದ್ದು ಅವಳಿಗೋಸ್ಕರ ಅಲ್ಲ. ನನ್ನ ಎದೆ ಹಗುರ ಆಗಲಿ ಅಂತ. ಅದೂ 'ನಾನು' ಅಲ್ವಾ? ಅದನ್ನೂ ಬಿಡಬೇಕು. ಇನ್ನು ಅವಳಿಗೆ ಮುಖ ತೋರಿಸೂದಿಲ್ಲ" ಎಂದರು. ಕೋರ್ಟಿನಲ್ಲಿ ಹೇಳಿದ್ದಕ್ಕಿಂತ ಇದು ಅವರಿಗೆ ಕಷ್ಟವಾಗಿತ್ತು. ನನಗೆ ಅದು ಬಹಳ ದೊಡ್ಡ ಮಾತೆನಿಸಿತು, ಹೌದೆಂದು ತಲೆಯಾಡಿಸಿದೆ.

ಮರುವರ್ಷ ಗಣಪತಿ ತಾಂಡೇಲನಾದ. ಇನಾಸಬಾಬರನ್ನು ಕರೆದು, ಬೋಟಿನಲ್ಲಿ ಯಾವ ಕೆಲಸ ಬೇಕಾದರೂ ಮಾಡಿ ಎಂದ. ಅವರು ಕೇಳಿದ್ದು ಮುಂತುದಿಯ ಕಾವಲು. ಹೊಸಬರಿಗೆ ಕೊಡುವ ಕೆಲಸ. ಚಳಿ, ಉಪ್ಪುನೀರು, ಹೆಸರಿಲ್ಲ. ಬಂದರು ಹತ್ತಿರವಾದಾಗ ಉಳಿದವರು "ಬಾರಾ ಮುದುಕಾ, ಬುಟ್ಟಿ ಹಿಡಿ" ಎಂದು ಕರೆದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲವಂತೆ. ಭಾನುವಾರ ಗ್ರಂಥ ಓದುವುದನ್ನು ಬಿಟ್ಟಿದ್ದರು. ಕೊನೆಯ ಸಾಲಿನಲ್ಲಿ ಕೂತು ಕೇಳುತ್ತಿದ್ದರು. ಹೀಗೆ ಎರಡು ಹಂಗಾಮು. 2009ರ ಮಳೆಗಾಲದಲ್ಲಿ ಎದೆಗೆ ಕಫ ಕಟ್ಟಿ, ಆಸ್ಪತ್ರೆಯಲ್ಲಿ ತೀರಿಕೊಂಡರು. ಗಣಪತಿ ಹೆಣಕ್ಕೆ ಹೆಗಲು ಕೊಟ್ಟ. ಸಿಮಿತಿರಿಯಲ್ಲಿ, ಇಗರ್ಜಿಯ ಸ್ಮಶಾನದಲ್ಲಿ, ಜನ ಕಡಿಮೆ. ಬೇಲೇಕೇರಿಯಿಂದ ಯಾರೂ ಬರಲಿಲ್ಲ. ಯಾರೂ ತಿಳಿಸಿರಲಿಲ್ಲ ಕೂಡ.

ಕೆಲವು ತಿಂಗಳ ನಂತರ ಬೇರೊಂದು ಪ್ರಕರಣಕ್ಕೆ ಅಂಕೋಲೆ ಕೋರ್ಟಿಗೆ ಹೋದವನು ಮೀನುಪೇಟೆಯ ದಾರಿಯಲ್ಲಿ ಬರುತ್ತಿದ್ದೆ. ಹೊನ್ನಮ್ಮ ಬಂಗಡೆಯ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಕಾಣದವನಂತೆ ದಾಟಲು ನೋಡಿದೆ, ಆಗಲಿಲ್ಲ.

"ವಕೀಲ್ರೇ, ಅಂವ ಹೋದ ಹೇಳಿ ಕೇಳ್ದೆ. ಹೌದಾ?"

"ಹೌದು, ಅಮ್ಮಾ. ಮಳೆಗಾಲದಲ್ಲಿ."

ಅವರು ಬುಟ್ಟಿಯ ಮೇಲಿನ ನೊಣ ಓಡಿಸಿದರು. "ಮತ್ತೆ ಯಾಕೆ ಬರ್ಲಿಲ್ಲ ಅಂವ?"

ನಾನು ತೊದಲಿದೆ. ನಿಮಗೆ ತೊಂದರೆಯಾಗಬಾರದೆಂದು, ತಮ್ಮ ಸಮಾಧಾನಕ್ಕಾಗಿ ನಿಮ್ಮನ್ನು ನೋಯಿಸಬಾರದೆಂದು, ಬೇಕೆಂದೇ ಬರಲಿಲ್ಲ, ಎಂದೆ. ಬಸ್ಸಿನಲ್ಲಿ ಅಷ್ಟು ದೊಡ್ಡದಾಗಿ ಕೇಳಿಸಿದ ಮಾತು ಮೀನುಪೇಟೆಯಲ್ಲಿ ಹಾಗೆ ಕೇಳಿಸಲಿಲ್ಲ.

"ಒಂದ್ ಸಲ ಬಾಗ್ಲು ಹಾಕ್ದೆ. ಅಂದು ಕ್ಷಮೆ ನನ್ ಹತ್ರ ಇಲ್ಲಾಗಿತ್ತು, ಇಲ್ಲ ಅಂದೆ. ಮತ್ತೊಂದ್ ಸಲ ಬರ್ತ ಅಂದ್ಕಂಡಿದ್ದೆ." ಅವರ ದನಿ ಏರಲಿಲ್ಲ. "ತ್ರಾಸು ಕೊಡೂಕಾದ್ರೂ ಬರ್ಬೋದಾಗಿತ್ತಲ? ಈಗ ನಾ ಯಾರಿಗೆ ಹೇಳ್ಲಿ?"

ಯಾರೋ ಬಂಗಡೆಯ ದರ ಕೇಳಿದರು. ಅವರು ಆ ಕಡೆ ತಿರುಗಿದರು.

ನನ್ನ ಕಸುಬಿನಲ್ಲಿ ಪ್ರಕರಣ ಮುಗಿದ ಮೇಲೆ ಫೈಲು ಕಟ್ಟಿ ಕಪಾಟಿಗೆ ಹಾಕುತ್ತೇವೆ. ಇದನ್ನು ಮಾತ್ರ ಕಟ್ಟಲಾಗಲಿಲ್ಲ. ಇನಾಸಬಾಬ ತಮ್ಮ ಕೆಲಸ, ಹೆಸರು, ಸ್ವಾತಂತ್ರ್ಯ, ಕೊನೆಗೆ ಕ್ಷಮೆಯ ಆಸೆಯನ್ನೂ ಬಿಟ್ಟರು. ನಾನು ನೋಡಿದವರಲ್ಲಿ ಗ್ರಂಥದ ಒಂದು ಸಾಲನ್ನು ಅಷ್ಟು ದೂರ ಹೊತ್ತವರು ಇನ್ನೊಬ್ಬರಿಲ್ಲ. ಆದರೂ ಆ ದಿನ ಬಸ್ಸಿನಲ್ಲಿ ಅವರೂ, ತಲೆಯಾಡಿಸಿದ ನಾನೂ, ಹೊನ್ನಮ್ಮನ ಪರವಾಗಿ ಅವರನ್ನು ಕೇಳದೆಯೇ ತೀರ್ಪು ಬರೆದಿದ್ದೆವು. ತನ್ನನ್ನು ಬಿಡುವುದೆಂದರೆ, ಇನ್ನೊಬ್ಬರ ಮನಸ್ಸು ತನಗೆ ಗೊತ್ತು ಎಂಬುದನ್ನೂ ಬಿಡುವುದು. ಮುಚ್ಚಿದ ಬಾಗಿಲಿನ ಮುಂದೆ ಇನ್ನೊಮ್ಮೆ ಹೋಗಿ ನಿಲ್ಲುವುದು, ತೆಗೆಯುವುದೋ ಬಿಡುವುದೋ ಒಳಗಿದ್ದವರ ಇಷ್ಟಕ್ಕೆ ಬಿಡುವುದು. ಈಗ ನನ್ನ ಕಕ್ಷಿದಾರರು "ಒಂದು ಸಲ ಹೋಗಿದ್ದೆ ಸಾಯಬ್ರೇ, ಅವ್ರು ಮಾತಾಡಲಿಲ್ಲ" ಎಂದಾಗ, ಮತ್ತೊಮ್ಮೆ ಹೋಗಿ ಬನ್ನಿ ಎನ್ನುತ್ತೇನೆ. ಕಾರಣ ಕೇಳಿದರೆ ಹೇಳುವುದಿಲ್ಲ.