ಪೂಜೆಗೆ ಕೂತ ಸಿಟ್ಟು

ಭಾಗ್ಯನಗರದ ಕೂದಲ ಶೆಡ್ಡಿನಲ್ಲಿ ಮಲ್ಲೇಶ್ವರಿಯ ಬೆರಳಿಗೆ ಹೆಸರಿತ್ತು. ಊರೂರು ತಿರುಗಿ ತಂದ ಉದುರುಗೂದಲ ಉಂಡೆಗೆ ದಬ್ಬಣ ಹಾಕಿ, ಒಂದೆಳೆಯೂ ಹರಿಯದಂತೆ ಬಿಡಿಸುವುದು ಅವಳ ಕೆಲಸ. ಬೆರಳು ಕೂದಲಲ್ಲಿ, ತಲೆ ಮಾತ್ರ ಕುಷ್ಟಗಿಯಲ್ಲಿ.

ಕುಷ್ಟಗಿಯಲ್ಲಿರುವುದು ನೆಗೆಣ್ಣಿ ಶಾಂಭವಿ, ಮೈದುನನ ಹೆಂಡತಿ. ಎರಡು ವರ್ಷದ ಹಿಂದೆ ಅತ್ತೆ ಸತ್ತ ದಿನ, ಬಳಗವೆಲ್ಲ ಕೂತಿರುವಾಗ, ಮಲ್ಲೇಶ್ವರಿಗೆ ಕೇಳುವಂತೆಯೇ ಅವಳ ಬಗ್ಗೆ, "ಮುದುಕಿಗೆ ತಂಗಳ ರೊಟ್ಟಿ ಹಾಕಿ ಹಾಕಿ ಸಾಯಿಸಿದ್ಲು" ಎಂದುಬಿಟ್ಟಳು. ಹಬ್ಬಕ್ಕೊಮ್ಮೆ ಬಂದು ಹೋಗುವವಳು ಎಂದೋ ಅತ್ತೆಯ ತಾಟಿನಲ್ಲಿ ಮಜ್ಜಿಗೆಯಲ್ಲಿ ನೆನೆದ ಖಡಕ್ ರೊಟ್ಟಿ ನೋಡಿದ್ದಳು. ಹಲ್ಲಿಲ್ಲದ ಬಾಯಿಗೆ ಅದೇ ಬೇಕೆಂದು ಮುದುಕಿ ಹಟ ಹಿಡಿಯುತ್ತಿದ್ದುದು, ಹಾಸಿಗೆಯಲ್ಲಿ ಆದದ್ದನ್ನೆಲ್ಲ ಮಲ್ಲೇಶ್ವರಿ ಬಾಚಿ ಒರೆಸಿದ್ದು, ಆಕೆಗೇನು ಗೊತ್ತು? ಹೆಣ ಎದುರಿಗಿತ್ತು. ಮಲ್ಲೇಶ್ವರಿ ಉತ್ತರ ನುಂಗಿಕೊಂಡು ದೀಪಕ್ಕೆ ಎಣ್ಣೆ ಹಾಕಿದಳು. ಅಂದು ನುಂಗಿದ್ದು ಇಂದಿಗೂ ಕೆಳಗಿಳಿದಿಲ್ಲ.

ಮಠದ ಅಜ್ಜಾರ ಹತ್ತಿರ ಹೋಗಿ ಹೇಳಿಕೊಂಡಳು.

"ಮುಂಜಾನೆದ್ದು ಅಂಗೈಯಾಗ ಲಿಂಗ ಇಟ್ಕೊಂಡು ದೃಷ್ಟಿ ಹಚ್ಚು, ಯವ್ವಾ. ನಮಃ ಶಿವಾಯ ಅನ್ನು. ಕೆಟ್ಟ ವಿಚಾರ ತಾವಾ ಹೋಗ್ತಾವು," ಎಂದರು ಅಜ್ಜಾರು.

ಅಜ್ಜಾರಿಗೆ ನೆಗೆಣ್ಣಿ ಇಲ್ಲ.

ಆದರೂ ಕೂತಳು. ಮಿಂದು, ಇಬತ್ತಿ ಹಚ್ಚಿಕೊಂಡು, ಎಡಗೈಯಲ್ಲಿ ಲಿಂಗ ಹಿಡಿದು ಕೂತಳು. ನಮಃ ಶಿವಾಯ ಎನ್ನುವಷ್ಟರಲ್ಲಿ ಕಿವಿಯಲ್ಲಿ ತಂಗಳ ರೊಟ್ಟಿ. ತಳ್ಳಿದಷ್ಟೂ ಅದು ಜೋರಾಗಿ ಬರುತ್ತಿತ್ತು. ಮಂತ್ರ ಬಿಟ್ಟು, "ಶಿವನ, ನೀನರ ಅಕಿ ಬಾಯಿ ಮುಚ್ಚಸು" ಎಂದು ಬೇಡಿದಳು. ಶಿವನೂ ಆ ಉಸಾಬರಿಗೆ ಬರಲಿಲ್ಲ. ತಿಂಗಳುಗಟ್ಟಲೆ ಇದೇ ಹಾಡು. ಅರ್ಧಕ್ಕೇ ಎದ್ದು, ಪಾತ್ರೆ ಕುಕ್ಕಿ ಒಲೆ ಹಚ್ಚುತ್ತಿದ್ದಳು.

ಒಂದು ಮುಂಜಾನೆ ಗಂಡ ಕೊಟ್ರಪ್ಪ ಬಾಗಿಲಲ್ಲೇ ನಿಂತ. "ಶಿವದಾರ ಇಲಿ ಕಡದಾವೇನ?"

ನೋಡಿಕೊಂಡರೆ ಮಡಿಲ ತುಂಬ ಬಿಳಿ ಎಳೆ. ಎಡಗೈಯಲ್ಲಿ ಲಿಂಗ ಸುಮ್ಮನಿತ್ತು. ಬಲಗೈ ತನ್ನ ಪಾಡಿಗೆ ತಾನು ಶೆಡ್ಡಿನ ಕೆಲಸ ನಡೆಸಿತ್ತು. ಲಿಂಗ ಕಟ್ಟಿಕೊಳ್ಳುವ ದಾರವನ್ನೇ ಎಳೆ ಎಳೆಯಾಗಿ ಬಿಡಿಸಿ ಹಾಕಿತ್ತು. ಮಲ್ಲೇಶ್ವರಿಗೆ ಅಳು ಬರಲಿಲ್ಲ, ತನ್ನ ಕೈಗೇ ಒಂದು ಬಾರಿಸಬೇಕೆನಿಸಿತು.

ಶೆಡ್ಡಿನಲ್ಲಿ ಪಕ್ಕದಲ್ಲಿ ಕೂಡುವ ತಾಜಬೀಗೆ ಹೇಳಿದಳು. "ನನಗ ದೇವರ ಮುಂದ ಕೂಡಾಕೂ ಬರವಲ್ದು ನೋಡು."

"ನಾ ನಮಾಜಿಗೆ ನಿಂತ್ರ ನಮ್ಮ ಸೊಸಿನೇ ಕಣ್ಮುಂದ ಬಂದು ನಿಲ್ತಾಳ. ಅಲ್ಲಾಗೂ ರೂಢಿ ಆಗೈತಿ," ಎಂದಳು ತಾಜಬೀ. "ದೇವರಿಗ್ಯಾಕ ಕಾಡ್ತೀ? ಹೋಗಿ ಅಕಿನ್ನ ಕೇಳು."

ಆಯಿತವಾರ ಬಸ್ಸು ಹತ್ತಿದಳು. ಶಾಂಭವಿ ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದಳು. "ಬಾ ಯಕ್ಕಾ, ಏನ್ ಅಪರೂಪ."

ಮಲ್ಲೇಶ್ವರಿ ಕೂಡಲಿಲ್ಲ. "ಅತ್ತಿ ಸತ್ತ ದಿನ ಅಂದಿದ್ಯಲ್ಲ, ತಂಗಳ ರೊಟ್ಟಿ ಹಾಕಿ ಸಾಯಿಸಿದ್ಲು ಅಂತ. ಈಗ ನನ್ನ ಮಾರಿ ನೋಡಿ ಅನ್ನು."

ಶಾಂಭವಿಯ ಸೌಟು ನಿಂತಿತು. "ನಾ ಹಂಗಂದಿದ್ನೇನ ಯಕ್ಕಾ? ಸತ್ತ ಮನ್ಯಾಗ ಬಾಯಿಗೆ ಬಂದದ್ದು ಅಂದಿರ್ತೀವಿ, ಯಾರಿಗೆ ನೆನಪಿರ್ತೈತಿ. ಕೂಡು. ಉಳ್ಳಾಗಡ್ಡಿ ಮ್ಯಾಲ ಹಾಕಲೇನು?"

ಸುಳ್ಳಲ್ಲ. ಆ ಮುಖದಲ್ಲಿ ನಿಜಕ್ಕೂ ಏನೂ ಇರಲಿಲ್ಲ. ಅವಳು ಉಗುಳಿ ಮರೆತದ್ದನ್ನು ಇವಳು ಎರಡು ವರ್ಷ ಅಗಿದಿದ್ದಳು. ಜಗಳವಾಡೋಣವೆಂದರೆ ಎದುರಿಗೆ ಆಳೇ ಇಲ್ಲ. ಮಂಡಕ್ಕಿ ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

ಮರುದಿನ ಹೊಸ ದಾರ ಹಾಕಿ ಕೂತಳು. ತಂಗಳ ರೊಟ್ಟಿಯ ಮಾತು ಬಂತು. ತಳ್ಳಲಿಲ್ಲ, ಶಿವನಿಗೆ ದೂರು ಹೇಳಲೂ ಇಲ್ಲ. ಅದು ತನ್ನದನ್ನು ಹೇಳಿ ಮುಗಿಸುವತನಕ ಕಾದು, ನಮಃ ಶಿವಾಯ ಎಂದಳು. ಮತ್ತೆ ಬಂತು. ಮತ್ತೆ ಅಂದಳು.

"ಹೋತೇನ ಸಿಟ್ಟು?" ಎಂದ ಕೊಟ್ರಪ್ಪ.

"ಎಲ್ಲಿದು ಹೋಗೂದ್ರಿ. ಅದೂ ಕೂತೈತಿ, ನಾನೂ ಕೂತೀನಿ. ಚಾ ನೀವ ಇಡ್ರಿ, ನನ್ನ ಪೂಜಿ ಇನ್ನೂ ಮುಗದಿಲ್ಲ."