ಒಂದೇ ನಂಬರಿನ ನಲವತ್ತೊಂದು ರೋಗಿಗಳು

ಆ ಕ್ಲಿನಿಕ್ಕಿನ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷದಿಂದ ಸರದಿ ಚೀಟಿ ಕೊಡುತ್ತಿದ್ದವಳನ್ನು ಎಲ್ಲರೂ ಚೀಟಿ ಅಕ್ಕ ಎಂದೇ ಕರೆಯುತ್ತಿದ್ದರು. ಯಾರ ಫೈಲು ಯಾವ ಕಪಾಟಿನಲ್ಲಿದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದಳು. ರಿಪೋರ್ಟಿನಲ್ಲಿ ಏನಾದರೂ ಎಡವಟ್ಟಿದ್ದರೆ ತಾನೇ ಹುಡುಕಿಕೊಂಡು ಹೋಗಿ, "ಡಾಕ್ಟ್ರು ಒಂದ್ಸಲ ಬಂದು ಹೋಗೋಕೆ ಹೇಳಿದಾರೆ, ಗಾಬರಿ ಏನಿಲ್ಲ" ಎನ್ನುತ್ತಿದ್ದಳು. ಅವಳು ಬಾಗಿಲಿಗೆ ಬರಲಿಲ್ಲವೆಂದರೆ ಎಲ್ಲ ಸರಿಯಿದೆ ಎಂದೇ ಜನರ ಲೆಕ್ಕ.

ಆಮೇಲೆ ಪೋರ್ಟಲ್ ಬಂತು. ಇನ್ನು ರಿಪೋರ್ಟು, ಡಾಕ್ಟರ ಮಾತು ಎಲ್ಲವೂ ರೋಗಿಯ ಫೋನಿಗೇ ಹೋಗುತ್ತದಂತೆ. ತಿಂಗಳೊಳಗೆ ಎಲ್ಲರನ್ನೂ ಸೇರಿಸಬೇಕೆಂದು ಮ್ಯಾನೇಜರ್ ಬೆನ್ನು ಬಿದ್ದ. ಸೇರಿಸುವುದೇನೋ ಸರಿ, ಬಟನ್ ಫೋನಿಟ್ಟುಕೊಂಡ ಮುದುಕರು ಎಲ್ಲಿಗೆ ಹೋಗಬೇಕು? ಅದನ್ನು ಯಾವ ಪುಣ್ಯಾತ್ಮನೂ ಯೋಚಿಸಿರಲಿಲ್ಲ. ಚೀಟಿ ಅಕ್ಕ ಯೋಚಿಸಿದಳು. ಅಂಥವರಿಗೆಲ್ಲ ತನ್ನದೇ ನಂಬರು ಹಾಕಿದಳು.

"ನಂಗೆ ಈ ಫೋನಿನ ಸಹವಾಸ ಬೇಡಮ್ಮಾ," ಎಂದಿದ್ದಳು ಪಕ್ಕದ ಬೀದಿಯ ಟೈಲರಮ್ಮ. ಕಂಕುಳಲ್ಲಿ ಗಂಟಾಗಿದೆಯೆಂದು ಅದರ ತುಣುಕನ್ನು ಪರೀಕ್ಷೆಗೆ ಕೊಟ್ಟು ಹೊರಟಿದ್ದಳು.

"ನೀವು ತಲೆ ಕೆಡಿಸ್ಕೋಬೇಡಿ. ಏನಾದ್ರೂ ಇದ್ರೆ ನಾನೇ ಬಂದು ಹೇಳ್ತೀನಿ."

ಹೀಗೆ ನಲವತ್ತೊಂದು ಜನ ಅವಳ ಫೋನಿಗೆ ಬಂದು ಕೂತರು. ಮ್ಯಾನೇಜರ್ ಭೇಷ್ ಅಂದ. ಮೊದಮೊದಲು ಒಂದೊಂದನ್ನೂ ಓದಿ ಸುದ್ದಿ ಮುಟ್ಟಿಸಿದಳು. ಆದರೆ ಫೋನು ಬಾಯಿ ಮುಚ್ಚಲೇ ಇಲ್ಲ. ಬಿಪಿ ಮಾತ್ರೆ ನೆನಪು, ಕಣ್ಣಿನ ತಪಾಸಣೆ ನೆನಪು, ಶುಭಾಶಯ, ಏನೇನೋ. ಬಸ್ಸಿನಲ್ಲಿ ನಿಂತೇ ಒಂದೊಂದನ್ನು ಒತ್ತಿ ತೆರೆದು, ಓದದೆ ಮುಚ್ಚತೊಡಗಿದಳು. ತೆರೆಯದ ಮೆಸೇಜಿನ ಕೆಂಪು ಚುಕ್ಕೆ ಹೋದರೆ ಸಾಕಾಗಿತ್ತು.

ಹೀಗೇ ಐದು ವಾರ ಕಳೆದ ಮೇಲೆ ಡಾಕ್ಟರು ಕೌಂಟರಿಗೆ ಬಂದರು.

"ಆ ಟೈಲರಮ್ಮ ಯಾಕಿನ್ನೂ ಬಂದಿಲ್ಲ? ತಕ್ಷಣ ಬನ್ನಿ ಅಂತ ಬರೆದಿದ್ದೆ. ಅವರು ನೋಡಿದಾರೆ ಅಂತ ಪೋರ್ಟಲಲ್ಲಿ ಅವತ್ತೇ ತೋರಿಸ್ತು. ಬೇರೆ ಕಡೆ ತೋರಿಸ್ಕೊಂಡ್ರೇನೋ ಅಂದ್ಕೊಂಡೆ."

ಚೀಟಿ ಅಕ್ಕ ತನ್ನ ಫೋನು ತೆಗೆದು ಆ ಮೆಸೇಜನ್ನು ಹುಡುಕಿ ಓದಿದಳು.

"ನೋಡಿದ್ದು ನಾನು ಸಾರ್," ಅಂದಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. "ಈಗಲೇ ಕರ್ಕೊಂಡು ಬನ್ನಿ," ಎಂದಷ್ಟೇ ಹೇಳಿ ಒಳಗೆ ಹೋದರು.

ಟೈಲರಮ್ಮ ಶಾಲೆಯ ಅಂಗಿಯೊಂದಕ್ಕೆ ಕಾಲರ್ ಕೂಡಿಸುತ್ತಿದ್ದಳು. ಎಡಗೈಯನ್ನು ಮೈಯಿಂದ ದೂರ ಹಿಡಿದೇ ಹೊಲಿಯುತ್ತಿದ್ದಳು, ನೋಯುತ್ತಿತ್ತೆಂದು ಕಾಣುತ್ತದೆ. ಬಾಗಿಲಲ್ಲಿ ನಿಂತವಳನ್ನು ಕಂಡು ಮುಖ ಅರಳಿಸಿದಳು.

"ಬಾ ಬಾ, ಅಪರೂಪ! ಒಂದ್ಸಲ ಹೋಗಿ ಕೇಳಮ್ಮ ಅಂತ ಮಗಳು ದಿನಾ ನನ್ ಜೀವ ತಿಂತಿದ್ಲು. ನಾನೇ ಗದರಿಸ್ದೆ. ಏನಾದ್ರೂ ಇದ್ದಿದ್ರೆ ಚೀಟಿ ಅಕ್ಕ ಸುಮ್ನೆ ಇರ್ತಿದ್ಲಾ ಅಂತ."

ಮಿಷನ್ನು ಮತ್ತೆ ಓಡತೊಡಗಿತು. ಚೀಟಿ ಅಕ್ಕ ಒಳಗೆ ಬಂದು ಅದರ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು.

"ಇತ್ತು," ಅಂದಳು. "ಐದು ವಾರದಿಂದ ಇತ್ತು. ನಾನೇ ಸುಮ್ನಿದ್ದೆ."